ಓದುಗರ ಪ್ರಶ್ನೆ: ಆತ್ಮಹತ್ಯೆ ತಡೆಯುವ ತರಬೇತಿ, ಹಿಂದೆ ಉಳಿದವರಿಗೆ ಆಸರೆ

ಈ ಸಂಚಿಕೆಗೆ ಆರಿಸಿಕೊಂಡ ಐದೂ ಪ್ರಶ್ನೆಗಳು ಒಂದೇ ವಿಷಯದ ಸುತ್ತ ಇವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. ಅವರಲ್ಲಿ 13,606 ಮಂದಿ ಕರ್ನಾಟಕದವರು. ಓದುತ್ತಾ ಮನಸ್ಸು ಭಾರವಾದರೆ ಪತ್ರಿಕೆ ಬದಿಗಿಟ್ಟು 14416ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನಮ್ಮದು ಹಾಸ್ಟೆಲ್ ಇರುವ ಪಿಯು ಕಾಲೇಜು. ಸುಪ್ರೀಂ ಕೋರ್ಟ್ ಹೇಳಿದೆ ಎಂದು ಸಿಬ್ಬಂದಿಗೆಲ್ಲ ತರಬೇತಿ ಕೊಡಿಸಿದೆವು. ಎರಡು ಗಂಟೆ ಪಿಪಿಟಿ ತೋರಿಸಿ, ಪ್ರಮಾಣಪತ್ರ ಹಂಚಿ ಹೋದರು. ಇಷ್ಟರಿಂದ ಜೀವ ಉಳಿಯುತ್ತದೆಯೇ? (ಪ್ರಾಂಶುಪಾಲರು, ತುಮಕೂರು ಜಿಲ್ಲೆ)

ಉತ್ತರ: ಇಷ್ಟರಿಂದಲೇ ಉಳಿಯುತ್ತದೆ ಎನ್ನಲು ಆಧಾರವಿಲ್ಲ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಮಾರ್ಗಸೂಚಿಯಂತೆ ಬೋಧಕರು, ಬೋಧಕೇತರರು ಎಲ್ಲರಿಗೂ ವರ್ಷಕ್ಕೆ ಕನಿಷ್ಠ ಎರಡು ಸಲ ತರಬೇತಿ ಆಗಬೇಕು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ಅರ್ಹ ಆಪ್ತಸಮಾಲೋಚಕರು ಇರಬೇಕು. ಸಹಾಯವಾಣಿಯ ಸಂಖ್ಯೆಗಳು ಎಲ್ಲರ ಕಣ್ಣಿಗೆ ಬೀಳುವ ಹಾಗೆ ಹಾಕಿರಬೇಕು. ‘ಬೋಧಕೇತರರು’ ಎಂಬುದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಅಮೆರಿಕದ ಜಾರ್ಜಿಯಾದ ಒಂದು ಜಿಲ್ಲೆಯ 32 ಶಾಲೆಗಳಲ್ಲಿ ‘ಕ್ಯೂಪಿಆರ್’ ಎಂಬ ಗೇಟ್‌ಕೀಪರ್ ತರಬೇತಿಯನ್ನು ಪರೀಕ್ಷೆಗೆ ಒಡ್ಡಿದ್ದರು. ಕೇಳು, ಮನವೊಲಿಸು, ಸರಿಯಾದ ಕಡೆ ತಲುಪಿಸು ಎಂಬ ಮೂರು ಹೆಜ್ಜೆಯ ತರಬೇತಿ ಅದು. 2008ರಲ್ಲಿ ಫಲಿತಾಂಶ ಪ್ರಕಟವಾಯಿತು. ಸಿಬ್ಬಂದಿಯ ತಿಳಿವಳಿಕೆ, ಧೈರ್ಯ ಎರಡೂ ಹೆಚ್ಚಿದ್ದವು. ಆದರೆ ಮಕ್ಕಳನ್ನು ಕರೆದು ನೇರವಾಗಿ ಕೇಳುವುದು ಹೆಚ್ಚಿದ್ದು ಮುಂಚಿನಿಂದಲೂ ಮಕ್ಕಳ ಜೊತೆ ಮಾತಾಡುತ್ತಿದ್ದವರಲ್ಲಿ ಮಾತ್ರ. ಹಾಗಾಗಿ ನಿಮ್ಮ ಪಟ್ಟಿಯನ್ನು ಹುದ್ದೆ ನೋಡಿ ಮಾಡಬೇಡಿ. ಪಿಟಿ ಮೇಷ್ಟ್ರು, ಹಾಸ್ಟೆಲ್ ಅಡುಗೆಯವರು, ಅಟೆಂಡರ್, ಗ್ರಂಥಾಲಯದ ಮೇಡಂ, ಹೀಗೆ ಮಕ್ಕಳು ತಾವಾಗಿ ಯಾರ ಹತ್ತಿರ ಹೋಗುತ್ತಾರೋ ಅವರನ್ನು ಮೊದಲ ತಂಡದಲ್ಲಿ ಕೂರಿಸಿ.

ಮಕ್ಕಳನ್ನೂ ಬಿಡಬೇಡಿ. ಯುರೋಪಿನ 10 ದೇಶಗಳ 168 ಶಾಲೆಗಳಲ್ಲಿ ಮೂರು ವಿಧಾನಗಳನ್ನು ಹೋಲಿಸಿ ನೋಡಿದ ಅಧ್ಯಯನ 2015ರಲ್ಲಿ ಬಂತು. ಶಿಕ್ಷಕರಿಗಷ್ಟೇ ತರಬೇತಿ ಕೊಟ್ಟ ಗುಂಪಿನಲ್ಲಾಗಲಿ, ತಪಾಸಣೆ ನಡೆಸಿ ವೈದ್ಯರ ಬಳಿ ಕಳಿಸಿದ ಗುಂಪಿನಲ್ಲಾಗಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಮಕ್ಕಳೇ ಪಾತ್ರ ಮಾಡಿ, ಚರ್ಚೆ ಮಾಡಿ ಕಲಿತ ‘ಯಾಮ್’ ಕಾರ್ಯಕ್ರಮದಲ್ಲಿ ಮಾತ್ರ ಫಲ ಕಂಡಿತು. ನಾಲ್ಕು ವಾರದಲ್ಲಿ ಒಟ್ಟು ಐದು ಗಂಟೆಯ ಕಲಿಕೆ ಅದು. ವರ್ಷದ ಕೊನೆಗೆ ಹೊಸದಾಗಿ ಆತ್ಮಹತ್ಯೆಗೆ ಯತ್ನಿಸಿದವರು ಆ ಗುಂಪಿನಲ್ಲಿ ಶೇ. 0.70, ಬರೀ ಭಿತ್ತಿಪತ್ರ ಹಾಕಿದ್ದ ಗುಂಪಿನಲ್ಲಿ ಶೇ. 1.51. ಅದೇ ‘ಯಾಮ್’ ಅನ್ನು ನಮ್ಮ ದೇಶದಲ್ಲೂ ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಶಾಲೆಗಳಿಗೆ ಅಧ್ಯಯನದ ಭಾಗವಾಗಿ ತಂದರು.

ಹಾಗೆಂದು ಸಿಬ್ಬಂದಿ ತರಬೇತಿ ಬಿಡುವ ಹಾಗಿಲ್ಲ, ಏಕೆಂದರೆ ಮಗು ಬಾಯಿಬಿಟ್ಟ ದಿನ ಕೇಳಿಸಿಕೊಳ್ಳಲು ದೊಡ್ಡವರೊಬ್ಬರು ತಯಾರಾಗಿರಬೇಕು. ಮುಂದಿನ ಸಲ ತರಬೇತುದಾರರನ್ನು ಕರೆಯುವಾಗ ಇಷ್ಟನ್ನು ಷರತ್ತಾಗಿ ಹೇಳಿ: ಅರ್ಧ ದಿನ ಬೇಕು. ಒಂದು ತಂಡದಲ್ಲಿ 25 ಜನಕ್ಕಿಂತ ಹೆಚ್ಚು ಬೇಡ. ಅರ್ಧ ಸಮಯ ಜೋಡಿ ಜೋಡಿಯಾಗಿ ಅಭ್ಯಾಸಕ್ಕೇ ಹೋಗಬೇಕು. “ಸಾಯಬೇಕು ಅನಿಸುತ್ತಿದೆಯಾ?” ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬರೂ ಎದುರಿಗಿರುವವರ ಮುಖ ನೋಡಿ, ಬಾಯಿಬಿಟ್ಟು ಕೇಳಿ ರೂಢಿ ಮಾಡಿಕೊಳ್ಳಬೇಕು. ಮೊದಲ ಸಲ ನಾಲಿಗೆ ಹೊರಳುವುದಿಲ್ಲ. ಅಲ್ಲಿ ಹೊರಳದಿದ್ದರೆ ರಾತ್ರಿ ಹತ್ತೂವರೆಗೆ ಹಾಸ್ಟೆಲ್ ವರಾಂಡದಲ್ಲೂ ಹೊರಳುವುದಿಲ್ಲ. ಆರು ತಿಂಗಳ ನಂತರದ ಎರಡನೇ ತರಬೇತಿಯಲ್ಲಿ ಹಳೆಯ ಪಿಪಿಟಿ ಮತ್ತೆ ತೋರಿಸುವುದು ಬೇಡ, ಪೂರ್ತಿ ಅಭ್ಯಾಸವೇ ಇರಲಿ. ಅಮೆರಿಕದಲ್ಲಿ ಯುವಜನರಿಗಾಗಿ ಇಂಥ ತರಬೇತಿ ನಡೆದ ಜಿಲ್ಲೆಗಳಲ್ಲಿ ಮರುವರ್ಷ ಸಾವು ಕಡಿಮೆಯಾಗಿದ್ದವು, ಆದರೆ ಆ ಪರಿಣಾಮ ಹೆಚ್ಚು ಕಾಲ ನಿಲ್ಲಲಿಲ್ಲ. ಒಮ್ಮೆ ಮಾಡಿ ಕೈತೊಳೆದುಕೊಂಡರೆ ಇಲ್ಲೂ ಅಷ್ಟೇ.

ಕೆಲಸ ಕೆಡುವುದು ಹೆಚ್ಚಾಗಿ ತರಬೇತಿಯ ಕೋಣೆಯಲ್ಲಲ್ಲ, ಆಮೇಲೆ. ಹುಡುಗ ಮೇಷ್ಟ್ರಿಗೆ ಹೇಳುತ್ತಾನೆ, ಮೇಷ್ಟ್ರು ಪ್ರಾಂಶುಪಾಲರಿಗೆ ಹೇಳುತ್ತಾರೆ, ಪ್ರಾಂಶುಪಾಲರು ಹೆದರಿ ಮನೆಗೆ ಫೋನ್ ಮಾಡುತ್ತಾರೆ, ಸಂಜೆಯ ಬಸ್ಸಿಗೆ ಹುಡುಗನನ್ನು ಒಬ್ಬನನ್ನೇ ಊರಿಗೆ ಕಳಿಸಲಾಗುತ್ತದೆ. ಇದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ. ಒಂದು ಹಾಳೆ ಬರೆದು ಸ್ಟಾಫ್ ರೂಮಿನಲ್ಲಿ ಅಂಟಿಸಿ: ಮೊದಲು ಯಾರಿಗೆ ಫೋನ್, ಅವರು ಎತ್ತದಿದ್ದರೆ ಯಾರಿಗೆ, ಆ ರಾತ್ರಿ ಹುಡುಗನ ಜೊತೆ ಯಾರಿರುತ್ತಾರೆ, ಆಸ್ಪತ್ರೆಗೆ ಯಾವ ವಾಹನ, ತಂದೆತಾಯಿಯ ಜೊತೆ ಯಾರು ಮಾತಾಡುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನು ಮೊದಲೇ ಕಂಡು ಮಾತಾಡಿಟ್ಟುಕೊಳ್ಳಿ. ಪ್ರತಿ ಎರಡು ತಿಂಗಳಿಗೆ ಆ ಹಾಳೆಯ ಎಲ್ಲ ನಂಬರಿಗೂ ಒಮ್ಮೆ ಫೋನ್ ಮಾಡಿ ನೋಡಿ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ‘ಸಾಯೋ ಯೋಚನೆ ಇದೆಯಾ’ ಅಂತ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದ ಹಾಗಾಗುವುದಿಲ್ಲವೇ? (ಚಾಮರಾಜನಗರ ಜಿಲ್ಲೆ)

ಉತ್ತರ: ಆಗುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,342 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ಪ್ರಶ್ನೆಗಳನ್ನು ಕೇಳಿದರು, ಇನ್ನೊಂದಕ್ಕೆ ಕೇಳಲಿಲ್ಲ. ಎರಡು ದಿನದ ನಂತರ ನೋಡಿದಾಗ, ಕೇಳಿದ ಗುಂಪಿನಲ್ಲಿ ಸಂಕಟವಾಗಲಿ ಅಂಥ ಯೋಚನೆಯಾಗಲಿ ಹೆಚ್ಚಿರಲಿಲ್ಲ. ಮೊದಲೇ ಖಿನ್ನತೆ ಇದ್ದ ಮಕ್ಕಳಲ್ಲಿ ಸಂಕಟ ತುಸು ಕಡಿಮೆಯೇ ಇತ್ತು. 2005ರ ಈ ಫಲಿತಾಂಶವನ್ನು ಆಮೇಲಿನ ಅಧ್ಯಯನಗಳೂ ಎತ್ತಿಹಿಡಿದಿವೆ.

ಕೇಳುವ ರೀತಿ ಮುಖ್ಯ. ಅತ್ತೆ, ಗಂಡ ಪಕ್ಕದಲ್ಲಿರುವಾಗ ಬೇಡ. ತೂಕ ನೋಡುವ ನೆಪದಲ್ಲೋ ಬಿಪಿ ನೋಡುವ ನೆಪದಲ್ಲೋ ಒಬ್ಬರನ್ನೇ ಕೂರಿಸಿಕೊಳ್ಳಿ. ಕಣ್ಣಿಗೆ ಕಂಡದ್ದರಿಂದ ಶುರು ಮಾಡಿ: “ಅಕ್ಕಾ, ಹದಿನೈದು ದಿನದಿಂದ ನೀವು ಸಂಘಕ್ಕೂ ಬಂದಿಲ್ಲ, ಊಟಾನೂ ಸೇರ್ತಿಲ್ಲ ಅಂದ್ರು.” ಅವರು ಹೇಳಲಿ, ನಡುವೆ ಬಾಯಿ ಹಾಕಬೇಡಿ. ಆಮೇಲೆ: “ಇಷ್ಟು ಕಷ್ಟ ಆದಾಗ ಕೆಲವರಿಗೆ ಬದುಕೇ ಬೇಡ ಅನ್ಸುತ್ತೆ. ನಿಮಗೂ ಹಾಗೆ ಅನ್ಸಿದೆಯಾ? ಸಾಯಬೇಕು ಅಂತ ಯೋಚನೆ ಬಂದಿದೆಯಾ?” ಕೇಳಿ ಸುಮ್ಮನಿರಿ. ಉತ್ತರ ಬರಲು ಹೊತ್ತಾಗುತ್ತದೆ. “ಅಂಥ ಹುಚ್ಚು ಯೋಚನೆ ಏನೂ ಮಾಡ್ತಿಲ್ಲ ತಾನೆ?” ಎಂದು ಕೇಳಿದರೆ ‘ಇಲ್ಲ’ ಎನ್ನುವುದನ್ನು ಬಿಟ್ಟು ಅವರಿಗೆ ಬೇರೆ ದಾರಿಯೇ ಇರುವುದಿಲ್ಲ.

ಹೌದು ಎಂದರೆ ಬೆಚ್ಚಬೇಡಿ. “ನನ್ನ ಹತ್ತಿರ ಹೇಳಿದ್ದು ಒಳ್ಳೇದಾಯ್ತು ಅಕ್ಕಾ” ಎನ್ನಿ. ಯೋಚನೆ ಈಗಲೂ ಇದೆಯೇ, ಯಾವಾಗ ಎಂದು ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿದ್ದಾರೆಯೇ, ಹಿಂದೆ ಯಾವತ್ತಾದರೂ ಪ್ರಯತ್ನ ಮಾಡಿದ್ದರೇ ಎಂದು ಕೇಳಿ. ಉತ್ತರ ಎಷ್ಟು ಖಚಿತವೋ ಅಷ್ಟು ತುರ್ತು. ತುರ್ತಿದ್ದರೆ ಅವರನ್ನು ಒಂಟಿ ಬಿಡಬೇಡಿ. ಮನೆಯಲ್ಲಿರುವ ಹೊಲದ ಔಷಧಿ, ಉಳಿದ ಮಾತ್ರೆಗಳು ಅವತ್ತೇ ಬೇರೆಯವರ ಮನೆಗೆ ಹೋಗಲಿ. ಪಕ್ಕದಲ್ಲೇ ಕೂತು 14416ಕ್ಕೆ ಫೋನ್ ಹಚ್ಚಿ ಕೊಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಿಳಿಸಿ, ಪ್ರಾಣಾಪಾಯ ಕಂಡರೆ 108. ‘ಯಾರಿಗೂ ಹೇಳಲ್ಲ’ ಎಂದು ಆಣೆ ಮಾಡಬೇಡಿ. “ಊರವರ ಹತ್ತಿರ ಆಡಲ್ಲ, ಆದರೆ ನಿಮ್ಮ ಜೀವದ ವಿಷಯ, ಡಾಕ್ಟರಿಗೆ ಹೇಳಲೇಬೇಕು” ಎನ್ನಿ. ‘ಮಕ್ಕಳ ಮುಖ ನೋಡಬಾರದಾ’ ಎಂಬ ಮಾತು ಬೇಡ. ಆ ಮುಖ ನೋಡಿಯೇ ಅವರು ಇಷ್ಟು ದಿನ ತಡೆದಿರುತ್ತಾರೆ, ಆ ಮಾತಿನಿಂದ ತಪ್ಪಿತಸ್ಥ ಭಾವ ಹೆಚ್ಚುತ್ತದೆಯೇ ಹೊರತು ಭಾರ ಇಳಿಯುವುದಿಲ್ಲ.

ಮತ್ತೆ ಎರಡು ದಿನ ಬಿಟ್ಟು ಹೋಗಿ.

ಪ್ರಶ್ನೆ: ನನ್ನ ತಮ್ಮ ಪ್ರಾಣ ಕಳೆದುಕೊಳ್ಳಲು ಪ್ರಯತ್ನಿಸಿ, ಆಸ್ಪತ್ರೆಯಿಂದ ಹೋದ ವಾರ ಮನೆಗೆ ಬಂದಿದ್ದಾನೆ. ಪೊಲೀಸ್ ಕೇಸು ಆಗುತ್ತದೆಯೇ? ಮನೆಯವರು ಏನು ಮಾಡಬೇಕು? (ಹೆಸರು ಬೇಡ, ಶಿವಮೊಗ್ಗ)

ಉತ್ತರ: ಶಿಕ್ಷೆಯ ಭಯ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಬೇರೆ ರೀತಿ ಸಾಬೀತಾಗದ ಹೊರತು ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ವಿಚಾರಣೆ ನಡೆಸಿ ಶಿಕ್ಷಿಸುವಂತಿಲ್ಲ, ಚಿಕಿತ್ಸೆ ಕೊಡುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ನೇ ಇಲ್ಲ. ಸರ್ಕಾರಿ ನೌಕರರನ್ನು ಮಣಿಸಲು ಮಾಡುವ ಯತ್ನಕ್ಕೆ ಮಾತ್ರ ಬೇರೆ ಸೆಕ್ಷನ್ ಇದೆ. ಆಸ್ಪತ್ರೆಯವರು ಎಂಎಲ್‌ಸಿ (ಕಾನೂನು ಸಂಬಂಧಿ ವೈದ್ಯಕೀಯ ಪ್ರಕರಣದ ದಾಖಲೆ) ಮಾಡಿ ಠಾಣೆಗೆ ತಿಳಿಸುವುದು ದಾಖಲೆಯ ಕ್ರಮ, ಪೊಲೀಸರು ಬಂದು ಹೇಳಿಕೆ ಪಡೆಯಬಹುದು.

ಈಗ ಮನೆಯ ಕೆಲಸ. ಬಿಡುಗಡೆಯಾದ ನಂತರದ ವಾರಗಳು ಹೆಚ್ಚು ಎಚ್ಚರ ಬೇಕಾದ ಕಾಲ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿ ಐದು ಊರುಗಳಲ್ಲಿ ಹೀಗೆ ಬದುಕುಳಿದ 1,867 ಜನರ ಅಧ್ಯಯನ ಮಾಡಿತ್ತು. ಅರ್ಧ ಜನರಿಗೆ ಮಾಮೂಲು ಚಿಕಿತ್ಸೆ. ಉಳಿದವರಿಗೆ ಅದರ ಜೊತೆ ಒಂದು ಗಂಟೆಯ ಸಮಾಲೋಚನೆ, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನ್ ಅಥವಾ ಭೇಟಿ: 1, 2, 4, 7, 11ನೇ ವಾರ, ಆನಂತರ 4, 6, 12, 18ನೇ ತಿಂಗಳು. ಆತ್ಮಹತ್ಯೆಯಿಂದ ತೀರಿಕೊಂಡವರು ಮಾಮೂಲು ಗುಂಪಿನಲ್ಲಿ ಶೇ. 2.2, ಸಂಪರ್ಕ ಉಳಿಸಿಕೊಂಡ ಗುಂಪಿನಲ್ಲಿ ಶೇ. 0.2. ದುಬಾರಿ ಔಷಧಿಯಾಗಲಿ ಯಂತ್ರವಾಗಲಿ ಇದರಲ್ಲಿ ಏನೂ ಇಲ್ಲ. ಚಿಕಿತ್ಸೆ ಕೊಟ್ಟ ಆಸ್ಪತ್ರೆಯವರನ್ನು ಹೀಗೆ ಫೋನ್ ಮಾಡುತ್ತೀರಾ ಎಂದು ಕೇಳಿ. ಆಗದೆಂದರೆ ಈ ತಾರೀಕುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಅವನನ್ನು ವೈದ್ಯರಿಗೆ ತೋರಿಸಿ, ಅಥವಾ ಅವನಿಗೆ ಬೇಕಾದ ಒಬ್ಬರು ತಪ್ಪದೆ ಮಾತಾಡಿಸಲಿ.

ವೈದ್ಯರ ಜೊತೆ ಕೂತು ಒಂದು ‘ಸುರಕ್ಷಾ ಯೋಜನೆ’ಯನ್ನು ಅವನ ಕೈಯಲ್ಲೇ, ಅವನ ಮಾತಿನಲ್ಲೇ ಬರೆಸಿ. ಕಷ್ಟದ ಗಳಿಗೆ ಬರುತ್ತಿದೆ ಎಂದು ಹೇಗೆ ಗೊತ್ತಾಗುತ್ತದೆ, ಆಗ ಒಬ್ಬನೇ ಏನು ಮಾಡಬಹುದು, ಎಲ್ಲಿ ಹೋದರೆ, ಯಾರ ಜೊತೆಗಿದ್ದರೆ ಮನಸ್ಸು ಬೇರೆ ಕಡೆ ಹೊರಳುತ್ತದೆ, ಯಾರಿಗೆ ನೇರವಾಗಿ ಹೇಳಿಕೊಳ್ಳಬಹುದು, ವೈದ್ಯರ ಮತ್ತು ಸಹಾಯವಾಣಿಯ ನಂಬರ್, ಮನೆಯಿಂದ ಏನನ್ನು ದೂರ ಇಡಬೇಕು. ಇವು ಆರು ಸಾಲು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಇಂಥ ಯೋಜನೆಯ ಜೊತೆ ಫೋನ್ ವಿಚಾರಣೆಯೂ ಸೇರಿದಾಗ, ಆರು ತಿಂಗಳಲ್ಲಿ ಮರುಪ್ರಯತ್ನದಂಥ ನಡವಳಿಕೆ ಶೇ. 45ರಷ್ಟು ಕಡಿಮೆಯಾಯಿತು. ಮಾತ್ರೆಗಳನ್ನು ವಾರಕ್ಕಾಗುವಷ್ಟೇ ತಂದು ನಿಮ್ಮ ಕೈಯಲ್ಲಿಟ್ಟುಕೊಳ್ಳಿ. ‘ಯಾಕೆ ಹೀಗೆ ಮಾಡ್ಕೊಂಡೆ’ ಎಂದು ನೆಂಟರು ಸಾಲಾಗಿ ಬಂದು ಕೇಳುವುದನ್ನು ಬಾಗಿಲಲ್ಲೇ ತಡೆಯಿರಿ.

ಪ್ರಶ್ನೆ: ಮೂರು ತಿಂಗಳ ಹಿಂದೆ ಮನೆಯವರು ಆತ್ಮಹತ್ಯೆ ಮಾಡಿಕೊಂಡರು. ನಾಲ್ಕು ಎಕರೆ ಹೊಲ, ಸಾಲ ಇದೆ. ಎಂಟು ವರ್ಷದ ಮಗಳಿಗೆ ‘ಅಪ್ಪನಿಗೆ ಹೃದಯಾಘಾತ ಆಯಿತು’ ಎಂದಿದ್ದೇವೆ, ಹದಿಮೂರರ ಮಗನಿಗೆ ಗೊತ್ತಿದೆ. ಆ ದಿನ ಬೆಳಿಗ್ಗೆ ನಾನು ಜಗಳ ಆಡಿದ್ದೆ. ಅದೇ ಕೊರೆಯುತ್ತಿದೆ. (ಹಾವೇರಿ ಜಿಲ್ಲೆ)

ಉತ್ತರ: ಮೊದಲು ಜಗಳದ ಮಾತು. ಗಂಡಹೆಂಡಿರ ಜಗಳ ಎಲ್ಲ ಮನೆಯಲ್ಲೂ ನಡೆಯುತ್ತದೆ. ಸಾವಿಗೆ ಒಂದು ಬೆಳಗಿನ ಮಾತು ಕಾರಣವಾಗುವುದಿಲ್ಲ. ಸಾಲ, ನಿದ್ದೆಗೇಡು, ಕುಡಿತ, ಗುರುತಿಸದ ಖಿನ್ನತೆ, ಹೀಗೆ ಹಲವು ಎಳೆಗಳು ಎಷ್ಟೋ ಕಾಲದಿಂದ ಸೇರಿಕೊಂಡಿರುತ್ತವೆ, ಅದರಲ್ಲಿ ಕೊನೆಯದು ಮಾತ್ರ ಉಳಿದವರ ಕಣ್ಣಿಗೆ ಬೀಳುತ್ತದೆ. ಇದನ್ನು ಒಮ್ಮೆ ಹೇಳಿದರೆ ಮನಸ್ಸು ಒಪ್ಪುವುದಿಲ್ಲ ಎಂದು ನಮಗೆ ಗೊತ್ತು. ನೆದರ್ಲೆಂಡ್ಸ್‌ನಲ್ಲಿ ಹೀಗೆ ಮನೆಯವರನ್ನು ಕಳೆದುಕೊಂಡ ಕುಟುಂಬಗಳಿಗೆ ದಾದಿಯರಿಂದ ನಾಲ್ಕು ಸಲ ಸಮಾಲೋಚನೆ ಕೊಡಿಸಿ ಅಧ್ಯಯನ ಮಾಡಿದರು. ದುಃಖದ ತೀವ್ರತೆ ಅದರಿಂದ ಕಡಿಮೆಯಾಗಲಿಲ್ಲ, ‘ನನ್ನಿಂದಲೇ ಆಯಿತು’ ಎಂಬ ಭಾವ ಕಡಿಮೆಯಾಯಿತು. ನಿಮಗೆ ಈಗ ಬೇಕಾಗಿರುವುದೂ ಅದೇ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ, ಜಗಳದ ವಿಷಯವನ್ನು ನಮಗೆ ಬರೆದ ಹಾಗೆಯೇ ಹೇಳಿ. ಆರು ತಿಂಗಳು ಕಳೆದ ಮೇಲೂ ಹಂಬಲ ಒಂದಿಷ್ಟೂ ಇಳಿಯದೆ ದಿನದ ಕೆಲಸವೇ ನಡೆಯದಂತಾದರೆ ಅದಕ್ಕೆಂದೇ ಚಿಕಿತ್ಸೆ ಇದೆ. ನಿಮಗೂ ಬದುಕು ಬೇಡ ಅನಿಸಿದರೆ ಆರು ತಿಂಗಳಲ್ಲ, ಅರ್ಧ ಗಂಟೆಯೂ ಕಾಯಬೇಡಿ, 14416.

ಮಗಳಿಗೆ ನಿಜ ಹೇಳಿ, ನೀವೇ ಹೇಳಿ. ಶಾಲೆಯಲ್ಲಿ ಯಾರೋ ಹೇಳುವ ಮುಂಚೆ, ಅಣ್ಣನ ಬಾಯಿಂದ ಜಾರುವ ಮುಂಚೆ. ಮಗನೂ ಗುಟ್ಟು ಹೊತ್ತು ತಿರುಗುವುದು ತಪ್ಪುತ್ತದೆ. ಹೀಗೆ ಹೇಳಬಹುದು: “ಅಪ್ಪನ ಮನಸ್ಸಿಗೆ ಜೋರು ಕಾಯಿಲೆ ಆಗಿತ್ತು. ಅಪ್ಪ ತಾನೇ ತನ್ನ ಜೀವ ತೆಗೆದುಕೊಂಡ. ನೀನು ಮಾಡಿದ್ದರಿಂದ, ಅಂದಿದ್ದರಿಂದ ಆಗಿದ್ದಲ್ಲ. ಆಗ ನಿನಗೆ ಬೇರೆ ಹೇಳಿದ್ವಿ, ಹೇಗೆ ಹೇಳಬೇಕು ಅಂತ ಗೊತ್ತಾಗಲಿಲ್ಲ. ಇನ್ನು ನೀನು ಏನು ಕೇಳಿದರೂ ನಿಜ ಹೇಳ್ತೀನಿ.” ಹೇಗೆ ಎಂಬ ವಿವರ ಬೇಡ. ‘ದೇವರು ಕರಕೊಂಡ’, ‘ಮಲಗಿದ್ದಾನೆ’ ಎನ್ನಬೇಡಿ, ಆ ವಯಸ್ಸಿನ ಮಕ್ಕಳು ನಿದ್ದೆಗೇ ಹೆದರುತ್ತಾರೆ. ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುತ್ತಾಳೆ, ಅಳುವ ನಡುವೆ ಆಡಲು ಓಡುತ್ತಾಳೆ. ಅದು ಸಹಜ. ಮಗನಿಗೆ ‘ಇನ್ನು ನೀನೇ ಮನೆ ಯಜಮಾನ’ ಎಂದು ಯಾರೂ ಹೇಳದಂತೆ ನೋಡಿಕೊಳ್ಳಿ. ತರಗತಿಯ ಶಿಕ್ಷಕರೊಬ್ಬರಿಗೆ ವಿಷಯ ತಿಳಿದಿರಲಿ. ಹೀಗೆ ತಂದೆಯನ್ನೋ ತಾಯಿಯನ್ನೋ ಒಡಹುಟ್ಟಿದವರನ್ನೋ ಕಳೆದುಕೊಂಡ ಮಕ್ಕಳನ್ನು ವಾರಕ್ಕೊಮ್ಮೆ ಒಂದೂವರೆ ಗಂಟೆಯಂತೆ ಹತ್ತು ವಾರ ಗುಂಪಿನಲ್ಲಿ ಕೂರಿಸಿದ ಅಮೆರಿಕದ ಅಧ್ಯಯನದಲ್ಲಿ ಅವರ ಆತಂಕ, ಖಿನ್ನತೆ ಎರಡೂ ಇಳಿದಿದ್ದವು.

ಕಾಗದಪತ್ರದ ಕೆಲಸಕ್ಕೆ ಮೈದುನನನ್ನೋ ಅಣ್ಣನನ್ನೋ ಜೊತೆಗೆ ಕರೆದುಕೊಳ್ಳಿ. ಮರಣ ಪ್ರಮಾಣಪತ್ರ, ಯುಡಿಆರ್ (ಪೊಲೀಸರ ಅಸಹಜ ಸಾವಿನ ವರದಿ) ಪ್ರತಿ, ಪಂಚನಾಮೆ, ಶವಪರೀಕ್ಷೆಯ ವರದಿ, ಇವುಗಳ ಐದೈದು ಜೆರಾಕ್ಸ್ ಮಾಡಿಸಿ. ರೈತ ಆತ್ಮಹತ್ಯೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಕೊಡುತ್ತದೆ. ಪಹಣಿ ಮತ್ತು ಸಾಲದ ದಾಖಲೆ ಸೇರಿಸಿ ಕೃಷಿ ಇಲಾಖೆಯಲ್ಲಿ ಅರ್ಜಿ ಕೊಡಿ, ಉಪವಿಭಾಗಾಧಿಕಾರಿಯ ಸಮಿತಿ ಅದನ್ನು ನೋಡುತ್ತದೆ. ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಬಾರದೆ ಕಡತ ನಿಲ್ಲುವುದೇ ಹೆಚ್ಚು, ಆದ್ದರಿಂದ ಠಾಣೆಯಲ್ಲಿ ಆಗಾಗ ವಿಚಾರಿಸುತ್ತಿರಿ.

ಆತ್ಮಹತ್ಯೆಗೆ ವಿಮೆ ಬರುವುದಿಲ್ಲ ಎಂದು ಊರವರು ಹೇಳಿದರೆ ನಂಬಬೇಡಿ. ಜೀವವಿಮೆ ಮಾಡಿಸಿ 12 ತಿಂಗಳು ಕಳೆದಿದ್ದರೆ ಪೂರ್ತಿ ಮೊತ್ತ ಬರುತ್ತದೆ. ಅದರೊಳಗಾಗಿದ್ದರೆ ಸಾಮಾನ್ಯ ಪಾಲಿಸಿಗಳಲ್ಲಿ ಕಟ್ಟಿದ ಕಂತಿನ ಕನಿಷ್ಠ ಶೇ. 80 ವಾಪಸು ಸಿಗುತ್ತದೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 436 ರೂಪಾಯಿ ಕಡಿತ ಕಂಡರೆ ಅದು ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆ, 2 ಲಕ್ಷ, ಆತ್ಮಹತ್ಯೆಗೂ ಅನ್ವಯ. 20 ರೂಪಾಯಿಯ ಸುರಕ್ಷಾ ವಿಮೆ ಅಪಘಾತಕ್ಕೆ ಮಾತ್ರ. ಅವರ ಸಾಲಕ್ಕೆ ನೀವು ಸಹಿ ಹಾಕಿರದಿದ್ದರೆ, ಅವರಿಂದ ಬಂದ ಆಸ್ತಿಯ ಮಿತಿಯವರೆಗೆ ಮಾತ್ರ ವಾರಸುದಾರರು ಹೊಣೆ. ಮೈಕ್ರೊ ಫೈನಾನ್ಸ್‌ನವರು ಮನೆ ಮುಂದೆ ಬಂದು ಕೂತರೆ ಪೊಲೀಸರಿಗೆ ದೂರು ಕೊಡಿ. ಬಲವಂತದ ವಸೂಲಿ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತಂದಿತು.

ಪ್ರಶ್ನೆ: ಹೀಗೆ ಮನೆಯವರನ್ನು ಕಳೆದುಕೊಂಡವರಿಗಾಗಿ ನಮ್ಮ ಬಡಾವಣೆಯಲ್ಲಿ ಒಂದು ಗುಂಪು ಮಾಡಬೇಕೆಂದಿದ್ದೇವೆ. ಹೇಗೆ ಶುರು ಮಾಡುವುದು? (ಮಹಿಳಾ ಸಂಘ, ಹುಬ್ಬಳ್ಳಿ)

ಉತ್ತರ: ಬಹಳ ಬೇಕಾಗಿರುವ ಕೆಲಸ. ಬ್ರಿಟನ್ನಿನ 3,432 ಯುವಜನರ ಅಧ್ಯಯನದಲ್ಲಿ, ಹತ್ತಿರದವರನ್ನು ಆತ್ಮಹತ್ಯೆಯಿಂದ ಕಳೆದುಕೊಂಡವರು ತಾವೂ ಯತ್ನಿಸುವ ಸಂಭವ, ಹಠಾತ್ ಸಹಜ ಸಾವಿನಿಂದ ಕಳೆದುಕೊಂಡವರಿಗಿಂತ ಶೇ. 65 ಹೆಚ್ಚು ಎಂದು ಕಂಡಿತು. ಹೆಚ್ಚಿನವರು ಹಾಗೆ ಮಾಡಿಕೊಳ್ಳುವುದಿಲ್ಲ ಎಂಬುದೂ ಅಷ್ಟೇ ನಿಜ. ಆದರೂ ಉಳಿದವರ ಆರೈಕೆಯನ್ನು ತಡೆಗಟ್ಟುವ ಕೆಲಸದಿಂದ ಬೇರೆಯಾಗಿ ನೋಡುವಂತಿಲ್ಲ. ಗುಂಪುಗಳು ಎಷ್ಟು ಫಲ ಕೊಡುತ್ತವೆ ಎಂಬ ಸಂಶೋಧನೆ ಇನ್ನೂ ತೆಳುವಾಗಿದೆ, ಗುಂಪಿನಿಂದ ದುಃಖ ವಾಸಿಯಾಗುತ್ತದೆ ಎಂದು ಯಾರಿಗೂ ಭರವಸೆ ಕೊಡಬೇಡಿ.

ಬೋರ್ಡು ಹಾಕಿ ಕಾದರೆ ಜನ ಬರುವುದಿಲ್ಲ, ನಾಚಿಕೆ ಅಡ್ಡ ಬರುತ್ತದೆ. ನೀವೇ ಮನೆಗೆ ಹೋಗಬೇಕು. ಅಮೆರಿಕದ ಬ್ಯಾಟನ್ ರೂಜ್ ಎಂಬ ಊರಿನಲ್ಲಿ, ಮುಂಚೆ ಇದೇ ನೋವು ಉಂಡವರೂ ಇರುವ ತಂಡವೊಂದು ಸಾವಿನ ಸುದ್ದಿ ಬಂದ ಕೂಡಲೇ ಆ ಮನೆಗೆ ಹೋಗುತ್ತಿತ್ತು. ಹಾಗೆ ಹೋದ ಮನೆಗಳವರು ಸರಾಸರಿ 48 ದಿನದಲ್ಲಿ ನೆರವು ಕೇಳಿ ಬಂದರು, ಉಳಿದವರಿಗೆ 97 ದಿನ ಹಿಡಿದಿತ್ತು. ನಮ್ಮಲ್ಲಿ ಹನ್ನೊಂದನೇ ದಿನದವರೆಗೆ ಹೇಗೋ ಜನ ಇರುತ್ತಾರೆ, ಆಮೇಲೆ ಮನೆ ಖಾಲಿಯಾಗುತ್ತದೆ. ನಿಮ್ಮ ಮೊದಲ ಭೇಟಿ ಹನ್ನೆರಡನೇ ದಿನದ ನಂತರ ಇರಲಿ. ಹೋದಾಗ ‘ಯಾಕಂತೆ? ಚೀಟಿ ಏನಾದರೂ ಬರೆದಿಟ್ಟಿದ್ದರಾ?’ ಎಂದು ಕೇಳುವುದು ಬೇಡ. ತೀರಿಕೊಂಡವರ ಹೆಸರು ಹಿಡಿದು ಮಾತಾಡಿ, ಪಡಿತರ ತರುವುದೋ ಮಕ್ಕಳನ್ನು ಶಾಲೆಗೆ ಬಿಡುವುದೋ, ಒಂದು ಕೆಲಸ ಗೊತ್ತುಮಾಡಿಕೊಂಡು ಬನ್ನಿ.

ಗುಂಪಿನಲ್ಲಿ 6ರಿಂದ 10 ಜನ ಸಾಕು. ಹದಿನೈದು ದಿನಕ್ಕೊಮ್ಮೆ, ಒಂದೂವರೆ ಗಂಟೆ, ಒಂದೇ ಜಾಗ, ಒಂದೇ ಹೊತ್ತು. ನಡೆಸುವವರು ಇಬ್ಬರಿರಲಿ: ಒಬ್ಬರು ತರಬೇತಾದ ಆಪ್ತಸಮಾಲೋಚಕರು, ಇನ್ನೊಬ್ಬರು ಇಂಥ ಸಾವು ಕಂಡು ಕನಿಷ್ಠ ಎರಡು ವರ್ಷ ಕಳೆದವರು. ಯಾರಾದರೂ ಅಳುತ್ತ ಹೊರಗೆ ಹೋದರೆ ಒಬ್ಬರು ಜೊತೆಗೆ ಹೋಗಬೇಕಾಗುತ್ತದೆ, ಅದಕ್ಕೇ ಇಬ್ಬರು. ನಿಯಮಗಳನ್ನು ಪ್ರತಿ ಸಲ ಓದಿ ಹೇಳಿ: ಇಲ್ಲಿಯ ಮಾತು ಹೊರಗೆ ಹೋಗುವುದಿಲ್ಲ, ಸಾವು ಹೇಗಾಯಿತೆಂಬ ವಿವರ ಹೇಳುವುದಿಲ್ಲ, ಸುಮ್ಮನೆ ಕೂತಿರಲೂಬಹುದು, ಕೇಳದೆ ಬುದ್ಧಿ ಹೇಳುವುದಿಲ್ಲ. ಮಗನನ್ನು ಕಳೆದುಕೊಂಡ ತಾಯಿಯ ದುಃಖವೂ ಗಂಡನನ್ನು ಕಳೆದುಕೊಂಡವರ ದುಃಖವೂ ಬೇರೆ ಬೇರೆ, ಯಾರದು ದೊಡ್ಡದು ಎಂಬ ಮಾತು ಹೊರಳಿದರೆ ನಡೆಸುವವರು ಅಲ್ಲೇ ತಡೆಯಬೇಕು. ಹಬ್ಬ, ತಿಥಿ, ಹುಟ್ಟಿದ ದಿನ ಹತ್ತಿರ ಬಂದವರ ಪಟ್ಟಿ ಇಟ್ಟುಕೊಳ್ಳಿ, ಆ ವಾರ ಅವರಿಗೆ ಬೇರೆಯಾಗಿ ಫೋನ್ ಹೋಗಲಿ. ಸುಸ್ತಾಗುವುದು ನಡೆಸುವವರಿಗೂ ಇದ್ದದ್ದೇ, ತಿಂಗಳಿಗೊಮ್ಮೆ ಅವರು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಂಥ ಕಡೆಯ ತಜ್ಞರ ಜೊತೆ ಕೂತು ಮಾತಾಡುವ ವ್ಯವಸ್ಥೆ ಮಾಡಿ. ಬರುತ್ತಿದ್ದವರು ಒಂದು ಸಲ ತಪ್ಪಿಸಿದರೆ ಮರುದಿನವೇ ಫೋನ್ ಮಾಡುವವರು ಇಬ್ಬರಲ್ಲಿ ಯಾರು ಎಂದು ಮೊದಲ ಸಭೆಗೂ ಮುಂಚೆ ನಿಶ್ಚಯವಾಗಿರಲಿ.